ಸೆಲ್ವಿನ್‌ನ ಹನಿ ಲೆಕ್ಕ

ಹುಯಾವೈ ಊರಿನಲ್ಲಿ ಸೆಲ್ವಿನ್ ಟಿಪೆಟ್‌ನಷ್ಟು ಲೆಕ್ಕಾಚಾರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಾಗೆಂದು ಹೇಳುತ್ತಿದ್ದವನು ಸೆಲ್ವಿನ್ ಟಿಪೆಟ್ ಒಬ್ಬನೇ. ಹಾಲಿನ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ಅವನು. ಅಲ್ಲಿ ತನ್ನ ಕೆಲಸ ಗಾಜಿನ ಸೀಸೆಗಳನ್ನು ತೊಳೆಯುವುದಾಗಿತ್ತು ಎಂಬ ಸಂಗತಿಯನ್ನು ಅವನು ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಅಷ್ಟೆ. ಕಾರ್ಖಾನೆಯವರು ಬೀಳ್ಕೊಡುವಾಗ ಕೊಟ್ಟ ಬಿಳಿ ಕೋಟನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದ.

ಸೆಪ್ಟೆಂಬರ್ ತಿಂಗಳ ಮೊದಲ ವಾರ ಅವನು ಆ ಕೋಟು ತೊಟ್ಟು, ಹಿತ್ತಲಿನ ಶೆಡ್ಡಿನಲ್ಲಿ ಕಿಟಕಿಯ ಎದುರು ಕುಳಿತಿದ್ದ. ಹೊರಗೆ ಕೋವಾಯಿ ಮರ ಹಳದಿ ಹೂ ಬಿಟ್ಟಿತ್ತು. ಎದುರಿನ ಹಲಗೆಯ ಮೇಲೆ ಐದು ಪುಟ್ಟ ಸೀಸೆಗಳು, ಒಂದು ಗಾಜಿನ ಹನಿಗೊಳವೆ, ಹೊಗೆಯ ಬದಲು ಆವಿ ಬಿಡುವ ವೇಪ್ ಎಂಬ ವಿದ್ಯುತ್ ಸಿಗರೇಟಿನ ಅಂಗಡಿಯವನು ಕೊಟ್ಟ ಒಂದು ಚೀಟಿ. ಚೀಟಿಯಲ್ಲಿ 'ಇಪ್ಪತ್ತು ಹನಿ ಅಂದರೆ ಒಂದು ಮಿಲಿಲೀಟರ್' ಎಂದು ಬರೆದಿತ್ತು. ಸೆಲ್ವಿನ್ ಅದನ್ನು ವೇದವಾಕ್ಯವೆಂದು ನಂಬಿ, ವೇಪಿಗೆ ತುಂಬುವ ರಸವನ್ನು ತಾನೇ ಬೆರೆಸಲು ಕೂತಿದ್ದ.

ಇದಕ್ಕೆ ಕಾರಣ ಮರ್ಲೀನ್. ಮೂವತ್ನಾಲ್ಕು ವರ್ಷ ಅವನ ಹೆಂಡತಿಯಾಗಿದ್ದು, ಅಷ್ಟೂ ವರ್ಷ ಅವನ ಸಿಗರೇಟಿನ ಹೊಗೆ ಕುಡಿದವಳು. ಏಪ್ರಿಲ್ ಕೊನೆಯಲ್ಲಿ, ಆ ವರ್ಷದ ಕೊನೆಯ ಫೀಜೋವಾ ಹಣ್ಣುಗಳಿಂದ ಕ್ರಂಬಲ್ ಎಂಬ ಸಿಹಿತಿಂಡಿ ಮಾಡಿಟ್ಟು, ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಟಿಮಾರುಗೆ ನಮ್ಮಕ್ಕನ ಮನೆಗೆ ಹೋಗ್ತಿದೀನಿ. ನೂರು ದಿನ ಸಿಗರೇಟು ಮುಟ್ಟದೆ ಇರು. ನೂರನೇ ದಿನ ಫೋನ್ ಮಾಡು, ಬರ್ತೀನಿ. ಅದಕ್ಕಿಂತ ಮುಂಚೆ ಫೋನ್ ಮಾಡ್ಬೇಡ, ನೀನು ನೆಪ ಹೇಳೋದನ್ನ ಕೇಳೋಕೆ ನನಗೆ ಪುರುಸೊತ್ತಿಲ್ಲ."

ಸೆಲ್ವಿನ್ ಅಂದಿನಿಂದ ಸಿಗರೇಟು ಮುಟ್ಟಲಿಲ್ಲ. ಬದಲಿಗೆ ವೇಪ್ ಹಿಡಿದ. ಜುಲೈ ಹೊತ್ತಿಗೆ ಅದರಲ್ಲಿನ ನಿಕೋಟಿನನ್ನೂ ಬಿಟ್ಟ. ಉಳಿದದ್ದು ಬಾಯಿಂದ ಮೋಡ ಬಿಡುವ ಖುಷಿ ಮಾತ್ರ. ಆದರೆ ಅಂಗಡಿಯ ಮೋಡಗಳಿಗೆಲ್ಲ ಪುದೀನದ ವಾಸನೆ. ಅವನಿಗೆ ಬೇಕಾಗಿದ್ದದ್ದು ಮರ್ಲೀನಳ ಫೀಜೋವಾ ಕ್ರಂಬಲ್ಲಿನ ವಾಸನೆ. ಸೀಬೆಯ ದೂರದ ನೆಂಟನಂತಿರುವ ಆ ಹಸಿರು ಹಣ್ಣನ್ನು ಹೆಚ್ಚಿ, ಮೇಲೆ ಬೆಣ್ಣೆ, ಓಟ್ಸ್, ಸಕ್ಕರೆ ಉದುರಿಸಿ ಓವನ್ನಿನಲ್ಲಿಟ್ಟರೆ ಮನೆಯಿಡೀ ತುಂಬುತ್ತಿತ್ತಲ್ಲ, ಅದು. ಹೆಂಡತಿಯಿಲ್ಲದ ಮನೆ ಅವನಿಗೆ ತಡೆಯಲಾರದಷ್ಟು ಖಾಲಿಯಾಗಿತ್ತು.

ಗ್ಲಿಸರಿನ್ನನ್ನು ಸೀಸೆಯ ಗೆರೆಯವರೆಗೆ ಸುರಿದು, ಅದಕ್ಕೆ ಫೀಜೋವಾ ಸತ್ವದ ಹನಿ ಎಣಿಸತೊಡಗಿದ. ಆ ದಪ್ಪ ಸತ್ವದ ಹನಿಗೆ ಅವಸರವೆಂಬುದಿಲ್ಲ. ಕೊಳವೆಯ ತುದಿಗೆ ಬಂದು ಜೋತುಬಿದ್ದು, ಬೀಳಲೋ ಬೇಡವೋ ಎಂದು ಯೋಚಿಸುತ್ತದೆ. ಯೋಚಿಸುತ್ತಲೇ ದುಂಡಗಾಗುತ್ತದೆ. ಆ ಹೊತ್ತಿನಲ್ಲಿ ಅದರೊಳಗೆ ಇಡೀ ಹುಯಾವೈ ತಲೆಕೆಳಗಾಗಿ ಕಾಣುತ್ತದೆ: ಮೇಲೆ ಸಮುದ್ರ, ಕೆಳಗೆ ಆಕಾಶ, ನಡುವೆ ಪಕ್ಕದ ಮನೆಯ ಗ್ಲೆನಿಸ್ ಹ್ಯಾಕೆಟ್ ಒಣಹಾಕಿದ ಲಂಗಗಳು ತಮ್ಮಷ್ಟಕ್ಕೆ ಮೇಲಕ್ಕೆ ಹಾರುತ್ತಿರುತ್ತವೆ. ಸೆಲ್ವಿನ್ ಬಾಯಿ ತೆರೆದು ನೋಡುತ್ತಿದ್ದ. ಹನ್ನೊಂದನೆಯ ಹನಿಯಲ್ಲಿ ಅವನಿಗೆ ತನ್ನ ಅಡುಗೆಮನೆಯ ಕಿಟಕಿಯೂ, ಅದರ ಹಿಂದೆ ಯಾರೋ ಏಪ್ರನ್ ಕಟ್ಟಿಕೊಂಡು ನಿಂತಂತೆಯೂ ಕಂಡಿತು.

"ಸೆಲ್ವಿನ್!"

ಅವನು ಬೆಚ್ಚಿದ. ಹನಿ ಬಿತ್ತು. ಅದರ ಹಿಂದೆ ಎಷ್ಟು ಬಿದ್ದವೋ ದೇವರಿಗೇ ಗೊತ್ತು.

ಬೇಲಿಯ ಮೇಲೆ ಗ್ಲೆನಿಸಳ ತಲೆ ಕಾಣಿಸುತ್ತಿತ್ತು. "ನಿನ್ನ ಹತ್ರ ಹನಿ ಹಾಕೋ ಕೊಳವೆ ಏನಾದ್ರೂ ಇದೆಯೇನೋ? ನಮ್ಮ ಬರ್ಟಿ ಕಣ್ಣು ಊದ್ಕೊಂಡಿದೆ, ಔಷಧಿ ಬಿಡ್ಬೇಕು." ಬರ್ಟಿ ಎಂದರೆ ಅವಳು ಸಾಕಿದ ಗಿಳಿ.

"ಐದು ನಿಮಿಷ ಇರು ಗ್ಲೆನಿಸ್. ಎಣಿಸ್ತಾ ಇದೀನಿ."

"ಏನು ಎಣಿಸ್ತಾ ಇದೀಯ?"

"ಅದನ್ನೇ ಈಗ ಮರೆತೆ."

ಹನ್ನೊಂದೋ ಹದಿನಾರೋ ಎಂದು ಒಂದು ನಿಮಿಷ ತೂಗಾಡಿ, ಬಿದ್ದಷ್ಟು ಸಾಕೆಂದು ಮುಂದಿನ ಸೀಸೆಗೆ ಹೋದ. ಬೆಣ್ಣೆ ಬಿಸ್ಕತ್ತಿನ ಸತ್ವ ಐದು, ದಾಲ್ಚಿನ್ನಿ ಒಂದು, ಕೊನೆಗೆ ಕಪ್ಪು ಸೀಸೆಯಿಂದ ಮೂರು. ಕೊಳವೆಯನ್ನು ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಧಾರೆಯೆರೆದು ತೊಳೆದು ಗ್ಲೆನಿಸಳಿಗೆ ಕೊಟ್ಟ. ಆಮೇಲೆ ರಸವನ್ನು ಕುಲುಕಿ, ವೇಪಿಗೆ ತುಂಬಿ, ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಒಂದು ದಮ್ಮು ಎಳೆದು ಬಿಟ್ಟ.

ಬಿಳಿಯ ಮೋಡ ಶೆಡ್ಡಿನ ತುಂಬ ಹರಡಿತು. ಅದರೊಳಗೆ ಏಪ್ರಿಲ್ ತಿಂಗಳಿತ್ತು. ಅಡುಗೆಮನೆಯಿತ್ತು, ಮಂಜು ಹಿಡಿದ ಕಿಟಕಿಯಿತ್ತು, ರೇಡಿಯೋದಲ್ಲಿ ರಗ್ಬಿ ಪಂದ್ಯದ ಗಲಾಟೆಯಿತ್ತು, ಓವನ್ನಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಬಿಸಿಯೂ ಇದ್ದಂತೆ ತೋರಿತು. ಸೆಲ್ವಿನ್ ಕಣ್ಣು ಮುಚ್ಚಿ, "ಮರ್ಲೀನ್, ತಟ್ಟೆ ಇಡ್ಲಾ?" ಎಂದು ಮೋಡವನ್ನು ಕೇಳಿದ. ಮೋಡ ಉತ್ತರ ಕೊಡದೆ ಕಿಟಕಿಯಿಂದ ಹೊರಗೆ ಹೋಯಿತು.

ಹೊರಗೆ ಹೋದ ಮೋಡ ಸುಮ್ಮನಿರಲಿಲ್ಲ. ಸಮುದ್ರದ ಗಾಳಿ ಅದನ್ನು ಎತ್ತಿಕೊಂಡು ಬೀದಿಯುದ್ದಕ್ಕೂ ನಡೆಯಿತು. ಸೆಲ್ವಿನ್ ಆ ದಿನವೂ ಮರುದಿನವೂ ಶೆಡ್ಡಿನಿಂದ ಏಳಲೇ ಇಲ್ಲ, ಹೀಗಾಗಿ ಮೋಡಕ್ಕೂ ಬಿಡುವಿರಲಿಲ್ಲ. ಕಡಲ ದಂಡೆಗೆ ಹೊರಟವರು ಅವನ ಗೇಟಿನ ಬಳಿ ನಿಂತು ಮೂಗು ಅರಳಿಸಿದರು. ನಿಂತವರನ್ನು ನೋಡಿ ಇನ್ನಷ್ಟು ಜನ ನಿಂತರು. ಅಗ್ನಿಶಾಮಕ ದಳದ ಸಹಾಯಾರ್ಥ ಇಲ್ಲಿ ಕ್ರಂಬಲ್ ಮಾರುತ್ತಿದ್ದಾರೆ ಎಂದು ಯಾರೋ ಹೇಳಿದರು. ಯಾರು ಹೇಳಿದರೆಂದು ಇಂದಿಗೂ ಗೊತ್ತಾಗಿಲ್ಲ, ಆದರೆ ಇಬ್ಬರು ಬಟ್ಟಲು ತರಲು ಮನೆಗೆ ಓಡಿದ್ದು ನಿಜ.

ಯೋಚನೆ ಮಾಡಿದವಳು ಗ್ಲೆನಿಸ್ ಒಬ್ಬಳೇ. ಫೀಜೋವಾ ಬಿಡುವುದು ಮಾರ್ಚಿನಿಂದ ಮೇವರೆಗೆ. ಆಗ ಊರಿನಲ್ಲಿ ಬೇಡ ಬೇಡವೆಂದರೂ ಬೇಲಿಗೆ ಚೀಲ ಕಟ್ಟಿ ಹೋಗುತ್ತಾರೆ, ತಿಂದು ತಿಂದು ಎಲ್ಲರಿಗೂ ವಾಕರಿಕೆ ಬಂದಿರುತ್ತದೆ. ಸೆಪ್ಟೆಂಬರಿನಲ್ಲಿ ಹುಡುಕಿದರೂ ಒಂದು ಹಣ್ಣು ಸಿಗದು. ಸಿಕ್ಕರೆ ಒಂದೇ ಕಡೆ: ತಿರುವಿನ ಮನೆಯ ವಿಧವೆ ಐಲ್ಸಾ ಮೆಕ್ರೇಳ ದೊಡ್ಡ ಫ್ರೀಜರಿನಲ್ಲಿ. ಹಣ್ಣಿನ ತಿರುಳನ್ನು ಡಬ್ಬಿಗೆ ತುಂಬಿ, ತಾರೀಕು ಬರೆದು, ವರ್ಷಪೂರ್ತಿ ಇಟ್ಟುಕೊಳ್ಳುವ ಶಿಸ್ತು ಆ ಬೀದಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಸಾಲದ್ದಕ್ಕೆ ಮಂಗಳವಾರ ಬೆಳಿಗ್ಗೆ ಐಲ್ಸಾ ಒಂದು ಓವನ್ ಪಾತ್ರೆ ಹಿಡಿದು ಸೆಲ್ವಿನ್ ಮನೆಗೆ ಹೋಗಿದ್ದನ್ನೂ, ಬರಿಗೈಯಲ್ಲಿ ವಾಪಸ್ ಬಂದದ್ದನ್ನೂ ಗ್ಲೆನಿಸ್ ಕಣ್ಣಾರೆ ಕಂಡಿದ್ದಳು. ಆ ಪಾತ್ರೆ ಮರ್ಲೀನಳದೇ, ಐಲ್ಸಾ ಕ್ರಿಸ್‌ಮಸ್‌ನಲ್ಲಿ ಎರವಲು ಪಡೆದದ್ದನ್ನು ಹಿಂದಿರುಗಿಸಿದ್ದಳು ಎಂಬುದನ್ನು ಗ್ಲೆನಿಸ್ ಕಂಡಿರಲಿಲ್ಲ.

ಬಟ್ಟಲು ಹಿಡಿದವರ ಸಾಲು ಕಂಡು ಜಿಲ್ಲಾ ಮಂಡಳಿಯ ಆಹಾರ ಅಧಿಕಾರಿ ಗ್ರಾಂಟ್ ಪಿಲ್ಚರ್ ಬಂದ. ಕೈಯಲ್ಲಿ ನಾಲ್ಕು ಪುಟದ ನಮೂನೆ. ಸಂಕೋಚದ ಮನುಷ್ಯ.

"ಟಿಪೆಟ್ ಅವರೇ, ಮನೇಲಿ ತಿಂಡಿ ಮಾಡಿ ಮಾರೋ ಹಾಗಿದ್ರೆ ನೋಂದಣಿ ಮಾಡಿಸ್ಬೇಕು."

"ನಾನು ಏನೂ ಮಾಡಿಲ್ಲ."

"ವಾಸನೆ ಬರ್ತಿದೆಯಲ್ಲ."

"ವಾಸನೆಗೂ ನೋಂದಣಿ ಇದೆಯಾ?"

ಗ್ರಾಂಟ್ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಇರಲಿಲ್ಲ. ಆದರೂ ಕರ್ತವ್ಯ ಬಿಡಬಾರದೆಂದು ಅಡುಗೆಮನೆಗೆ ಹೋಗಿ ಓವನ್ನಿನ ಬಾಗಿಲು ತೆಗೆದ. ಒಳಗೆ ಒಂದು ಜೊತೆ ಗಂಬೂಟುಗಳು ಒಣಗುತ್ತಿದ್ದವು. ಎಡಗಾಲಿನದರಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

"ಓವನ್ ತಣ್ಣಗಿದೆ," ಎಂದು ಗ್ರಾಂಟ್ ಬರೆದುಕೊಂಡ. "ಹಾಗಾದ್ರೆ ಈ ಕ್ರಂಬಲ್ ಎಲ್ಲಿಂದ ಬಂತು?"

ಸೆಲ್ವಿನ್ ನಿಜ ಹೇಳಬಹುದಿತ್ತು. ಆದರೆ ಅವನಿಗೊಂದು ಭಯವಿತ್ತು. ವೇಪನ್ನೂ ಮರ್ಲೀನ್ ಸಿಗರೇಟಿನ ಲೆಕ್ಕಕ್ಕೆ ಸೇರಿಸಿ, ಇಷ್ಟು ದಿನ ಪಟ್ಟ ಪಾಡನ್ನೆಲ್ಲ ಸೊನ್ನೆ ಮಾಡಿಬಿಟ್ಟರೆ? ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಅದು ಖಾಸಗಿ ವಿಷಯ," ಎಂದ. "ದಯವಿಟ್ಟು ಮರ್ಲೀನ್ ಕಿವಿಗೆ ಬೀಳೋದು ಬೇಡ."

ಬೇಲಿಯ ಆಚೆ ಒಂದು ಕುರ್ಚಿ ಉರುಳಿದ ಸದ್ದಾಯಿತು. ಗ್ಲೆನಿಸ್ ಫೋನಿನ ಕಡೆ ಓಡುತ್ತಿದ್ದಳು.

"ಮರ್ಲೀನ್, ನಾನಮ್ಮ, ಗ್ಲೆನಿಸ್. ಕೂತಿದೀಯಾ? ಕೂತ್ಕೋ. ನಿನ್ನ ಮನೇಲಿ ಕ್ರಂಬಲ್ ವಾಸನೆ. ಹೂಂ, ಫೀಜೋವಾದೇ. ಸೆಪ್ಟೆಂಬರ್ ಅಂತ ನನಗೂ ಗೊತ್ತು ಕಣೇ! ಓವನ್ನಲ್ಲಿ ಮಾಡಿಲ್ಲ, ಮಂಡಳಿಯವರೇ ಬಂದು ಪರೀಕ್ಷೆ ಮಾಡಿ ಬರ್ಕೊಂಡು ಹೋಗಿದಾರೆ. ಬಿಸಿಬಿಸಿಯಾಗಿ ಹೊರಗಿಂದ ಬರ್ತಿದೆ. ಯಾರ ಮನೆಯಿಂದ ಅಂತ ನನ್ನ ಬಾಯಿಂದ ಹೇಳಿಸ್ಬೇಡ. ಐಲ್ಸಾ."

ನೂರು ದಿನ ಕಳೆದು ತಿಂಗಳಿಗೂ ಮೇಲಾಗಿತ್ತು. ಮರ್ಲೀನ್ ಪ್ರತಿದಿನ ಅಕ್ಕನ ಮನೆಯ ಫೋನಿನ ಪಕ್ಕದಲ್ಲೇ ಹೆಣಿಗೆ ಹಿಡಿದು ಕೂತು, ಯಾರಿಗೂ ಬೇಡದ ಮೂರು ಶಾಲು ಹೆಣೆದು ಮುಗಿಸಿದ್ದಳು. ಫೋನು ಯಾಕೆ ಬರಲಿಲ್ಲವೆಂದು ಈಗ ಅರ್ಥವಾಯಿತು ಎಂದುಕೊಂಡಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ದಾರಿಯಲ್ಲಿ ತಿರುವಿನ ಮನೆಯ ಬಾಗಿಲು ತಟ್ಟಿ, "ಐಲ್ಸಾ, ಸ್ವಲ್ಪ ನಮ್ಮನೇಗೆ ಬಾ," ಎಂದಷ್ಟೇ ಹೇಳಿದಳು. ಬೇಲಿಯ ಆಚೆಯಿಂದ ಗ್ಲೆನಿಸ್ ಕರೆಯದೆಯೇ ಬಂದಳು. ನಮೂನೆಯ ಎರಡನೆಯ ಪ್ರತಿಗೆ ಸಹಿ ಹಾಕಿಸಿಕೊಳ್ಳಲು ಗ್ರಾಂಟ್ ಆಗಲೇ ಜಗುಲಿಯಲ್ಲಿ ನಿಂತಿದ್ದ. ನ್ಯಾಯಸ್ಥಾನಕ್ಕೆ ಬೇಕಾದವರೆಲ್ಲ ತಾವಾಗಿಯೇ ಕೂಡಿಕೊಂಡಂತಾಯಿತು.

ಮರ್ಲೀನಳನ್ನು ಕಂಡು ಸೆಲ್ವಿನ್‌ನ ಮುಖ ಅರಳಿತು. ಅವಳ ಮುಖ ಕಂಡು ಹಾಗೆಯೇ ಮುದುಡಿತು.

"ಕ್ರಂಬಲ್ ತಿಂದ್ಯಾ?" ಎಂದು ಕೇಳಿದಳು.

"ಇಲ್ಲ. ಸೇದಿದೆ."

ಗ್ಲೆನಿಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಸೆಲ್ವಿನ್ ವೇಪು, ಸೀಸೆ, ಚೀಟಿ ಎಲ್ಲವನ್ನೂ ಶೆಡ್ಡಿನಿಂದ ತಂದು ಅಡುಗೆಮನೆಯ ಮೇಜಿನ ಮೇಲೆ ಅವಳ ಮುಂದಿಟ್ಟ. ಹನಿ ಹನಿ ಎಣಿಸಿ ತಾನೇ ಬೆರೆಸಿದ್ದೆಂದ. ರಸ ನಿನ್ನೆಯೇ ಮುಗಿದಿತ್ತು, ಸೀಸೆಯ ತಳದಲ್ಲಿ ಮೂಸಿ ನೋಡಲೂ ಒಂದು ಹನಿಯಿರಲಿಲ್ಲ.

"ಇಂಥ ಕಥೆ ನಾನು ಹುಟ್ಟಿದಾಗಿನಿಂದ ಕೇಳಿಲ್ಲ," ಎಂದಳು ಐಲ್ಸಾ. ತನ್ನನ್ನು ಯಾಕೆ ಕರೆದಿದ್ದಾರೆಂದು ಅವಳಿಗಿನ್ನೂ ತಿಳಿದಿರಲಿಲ್ಲ.

"ಹಾಗಾದ್ರೆ ಈಗ ಮಾಡು," ಎಂದಳು ಮರ್ಲೀನ್. ಧ್ವನಿ ಏರಿಸಲಿಲ್ಲ. "ನನ್ನೆದುರಿಗೆ ಮಾಡು. ಆ ವಾಸನೆ ಬಂದ್ರೆ ಪೆಟ್ಟಿಗೆ ಬಿಚ್ತೀನಿ. ಬರ್ಲಿಲ್ಲ ಅಂದ್ರೆ ಐದೂವರೆ ಬಸ್ಸಿದೆ."

ಸೆಲ್ವಿನ್ ಕೋಟಿನ ಕಾಲರು ಸರಿಮಾಡಿಕೊಂಡು ಕೂತ. ಕೊಳವೆ ಇರಲಿಲ್ಲವಾದ್ದರಿಂದ ಪ್ಲಾಸ್ಟಿಕ್ ಸೀಸೆಗಳ ಚೂಪು ಮೂತಿಯಿಂದಲೇ ಹನಿ ಬಿಟ್ಟ. ಹನ್ನೊಂದು, ಐದು, ಒಂದು, ಮೂರು. ಕುಲುಕಿದ, ತುಂಬಿದ, ಎಳೆದ, ಬಿಟ್ಟ.

"ನೆನೆದ ಕುರಿ," ಎಂದಳು ಗ್ಲೆನಿಸ್.

ಹನ್ನೊಂದರ ಬದಲು ಹದಿನಾರು ಹಾಕಿ ಮತ್ತೆ ಬೆರೆಸಿದ.

"ಸೋಪು," ಎಂದಳು ಐಲ್ಸಾ. ಗ್ರಾಂಟ್ ಎರಡನ್ನೂ ಬರೆದುಕೊಂಡ.

ಮೂರನೆಯ ಸಲ ಸೆಲ್ವಿನ್ ಅವಸರ ಮಾಡಲಿಲ್ಲ. ಚೀಟಿಯನ್ನು ಮತ್ತೆ ಓದಿದ. ಹನಿ ಬಿಟ್ಟು ಹನಿಯನ್ನೇ ನೋಡಿದ. ಎಲ್ಲೋ ಏನೋ ತಪ್ಪಿತ್ತು. ಮೊನ್ನೆಯ ಹನಿಯಲ್ಲಿ ಸಮುದ್ರ ಹಿಡಿದಿತ್ತು, ಅಡುಗೆಮನೆ ಹಿಡಿದಿತ್ತು. ಇವತ್ತಿನದರಲ್ಲಿ ಗ್ಲೆನಿಸಳ ಮೂಗು ಕೂಡ ಪೂರ್ತಿ ಹಿಡಿಯುತ್ತಿರಲಿಲ್ಲ. ಇಷ್ಟೇ ಇಷ್ಟು ಹನಿ.

"ಹನಿ ಚಿಕ್ಕದಾಗಿಬಿಟ್ಟಿದೆ," ಎಂದು ಅಳುದನಿಯಲ್ಲಿ ಹೇಳಿದ.

"ನೆಪಾನೂ ಚಿಕ್ಕದಾಗಿದೆ," ಎಂದು ಮರ್ಲೀನ್ ಪೆಟ್ಟಿಗೆಗೆ ಕೈ ಹಾಕಿದಳು.

"ಅಯ್ಯೋ ಮಾರಾಯ, ಹನಿಗೂ ಸೈಜು ಇರುತ್ತಾ?" ಎಂದು ಗ್ಲೆನಿಸ್ ನಕ್ಕಳು. "ಹನಿ ಅಂದ್ರೆ ಹನಿ. ನಮ್ಮ ಬರ್ಟಿಗೆ..." ಮಾತು ಅಲ್ಲೇ ನಿಂತಿತು. ಅವಳು ಕಾರ್ಡಿಗನ್ನಿನ ಜೇಬಿಗೆ ಕೈ ಹಾಕಿ ಗಾಜಿನ ಕೊಳವೆ ಹೊರತೆಗೆದಳು. "ಔಷಧಿ ಅಂಗಡಿಯವನ ಕೊಳವೇಲಿ ಎರಡು ಹನಿ ಬಿಟ್ರೆ ಸರಿಹೋಗ್ತಿತ್ತು. ಇದರಲ್ಲಿ ಒಂದೇ ಹನಿಗೆ ಪಾಪ, ಮುಖವೆಲ್ಲ ತೊಯ್ದುಹೋಯ್ತು."

ಸೆಲ್ವಿನ್ ಎದ್ದುನಿಂತ. ಅವನ ಮೂವತ್ತೊಂದು ವರ್ಷದ ವೈಜ್ಞಾನಿಕ ಜೀವನದಲ್ಲಿ ಮಾಡಿದ ಏಕೈಕ ಸಂಶೋಧನೆ ಅದು: ಅಗಲ ಬಾಯಿಯ ಕೊಳವೆಯ ಹನಿ ದೊಡ್ಡದು, ಚೂಪು ಮೂತಿಯದು ಚಿಕ್ಕದು. ಅಂಗಡಿಯವನ ಚೀಟಿ ಎರಡಕ್ಕೂ ಒಂದೇ ಲೆಕ್ಕ ಬರೆದಿತ್ತು.

"ಅದು ನನ್ನ ವೆನಿಲ್ಲಾ ಸೀಸೆದು," ಎಂದು ಮರ್ಲೀನ್ ಕೊಳವೆಯನ್ನು ಕಿತ್ತುಕೊಂಡಳು. ಸಿಂಕಿನಲ್ಲಿ ತೊಳೆದು ಬಂದು ಕುರ್ಚಿ ಎಳೆದುಕೊಂಡಳು. "ಸರಿ ಆ ಕಡೆ. ಎಣಿಸೋದು ನಾನು. ನೀನು ಹನಿಯೊಳಗೆ ಮೂಗು ತೂರಿಸಿ ಕೂತ್ರೆ ಆಯ್ತು ಕಥೆ."

ಅವಳು ಎಣಿಸಿದಳು. ಕಿಟಕಿಯ ಬೆಳಕಿನಲ್ಲಿ ಹನಿಗಳು ಒಂದೊಂದಾಗಿ ದುಂಡಗಾಗಿ, ಯೋಚಿಸಿ, ಬಿದ್ದವು. ಹದಿನಾಲ್ಕಕ್ಕೆ ಸೆಲ್ವಿನ್ ಮೂಸಿ ನೋಡಿ ಸಾಕೆಂದ. ಬೆಣ್ಣೆ ಬಿಸ್ಕತ್ತು ಐದು. ದಾಲ್ಚಿನ್ನಿ ಒಂದು.

"ಈಗ ಆ ಕಪ್ಪು ಸೀಸೆ. ಮೂರು," ಎಂದ ಸೆಲ್ವಿನ್. ಆಮೇಲೆ ಯಾಕೋ, "ಅದರ ಚೀಟಿ ಓದ್ಬೇಡ," ಎಂದೂ ಸೇರಿಸಿದ.

ಮರ್ಲೀನ್ ಮೂರು ಹನಿ ಹಾಕಿ ಚೀಟಿ ಓದಿದಳು. ಸುಟ್ಟ ಸಕ್ಕರೆ ಎಂದಿತ್ತು. ಅವಳು ಏನೋ ಕೇಳಬೇಕೆನ್ನುವಷ್ಟರಲ್ಲಿ ಸೆಲ್ವಿನ್ ಜೋರಾಗಿ ಎಳೆದು ಬಿಟ್ಟಾಗಿತ್ತು.

ಮೋಡ ಅಡುಗೆಮನೆಯನ್ನು ತುಂಬಿತು. ಗೋಡೆ, ಕಪಾಟು, ಗ್ರಾಂಟ್‌ನ ನಮೂನೆ ಎಲ್ಲ ಬೆಳ್ಳಗೆ ಮಸುಕಾಗಿ, ಐವರೂ ಒಂದು ಗಳಿಗೆ ಏಪ್ರಿಲ್ ತಿಂಗಳೊಳಗೆ ನಿಂತಿದ್ದರು.

"ಇದೇ!" ಎಂದು ಗ್ಲೆನಿಸ್ ಮೋಡದೊಳಗಿಂದ ಕೂಗಿದಳು. "ಇದೇ ವಾಸನೆ, ಆಣೆಯಿಟ್ಟು ಹೇಳ್ತೀನಿ. ಸಾಕ್ಷಾತ್ ಮರ್ಲೀನಳ ಕ್ರಂಬಲ್, ಆ ಸೀದ ವಾಸನೆ ಕೂಡ!"

ಮೋಡ ನಿಧಾನವಾಗಿ ಕರಗಿತು.

"ಯಾವ ಸೀದ ವಾಸನೆ?" ಎಂದಳು ಮರ್ಲೀನ್.

ಗ್ಲೆನಿಸ್ ಚಾವಣಿಯನ್ನು ನೋಡಿದಳು. ಈ ಹೊತ್ತಿಗೆ ವಿಷಯವೆಲ್ಲ ಅರ್ಥವಾಗಿದ್ದ ಐಲ್ಸಾ ಕೆಂಡವಾದಳು. "ಒಂದು ನಿಮಿಷ. ಈ ಕ್ರಂಬಲ್ ನಾನು ಮಾಡಿದ್ದು ಅಂದ್ಕೊಂಡ್ರಾ? ನೋಡು ಮರ್ಲೀನ್, ನಾನು ನಿನ್ನ ಗಂಡನ್ನ ಹಾರಿಸ್ಕೊಂಡು ಹೋದೆ ಅಂತ ಬೇಕಾದ್ರೆ ಹೇಳು, ನಕ್ಕು ಸುಮ್ನಾಗ್ತೀನಿ. ಆದ್ರೆ ಕ್ರಂಬಲ್ ಸೀಯಿಸಿದೆ ಅಂತ ಮಾತ್ರ ಹೇಳ್ಬೇಡ. ನನ್ನ ಕೈಲಿ ಇವತ್ತಿನವರೆಗೆ ಒಂದೂ ತಳ ಹಿಡಿದಿಲ್ಲ!"

"ನನ್ನ ಕೈಲಿ ಹಿಡಿಯುತ್ತೆ ಅಂತೀಯಾ?"

ಐಲ್ಸಾ ಗ್ಲೆನಿಸಳ ಕಡೆ ನೋಡಿದಳು, ಗ್ಲೆನಿಸ್ ಗ್ರಾಂಟ್ ಕಡೆ. ಕೊನೆಗೆ ಸಂಕೋಚದ ಗ್ರಾಂಟ್ ಕೆಮ್ಮಿದ. "ಅಗ್ನಿಶಾಮಕ ದಳದ ಊಟಕ್ಕೆ ನೀವು ಪ್ರತಿವರ್ಷ ಕಳಿಸ್ತೀರಲ್ಲ ಮೇಡಂ. ಪಾತ್ರೆ ಮೇಲೆ ಹೆಸರು ಬರೀದಿದ್ರೂ ನಿಮ್ಮದು ಯಾವುದು ಅಂತ ನಮಗೆ ಗೊತ್ತಾಗ್ತಿತ್ತು. ಅದೇ ಮೊದಲು ಖಾಲಿಯಾಗೋದು."

ಮೂವತ್ನಾಲ್ಕು ವರ್ಷ. ಮರ್ಲೀನ್ ಕುರ್ಚಿಯ ಮೇಲೆ ಕುಸಿದಳು. ಗಂಡ ನಿರಪರಾಧಿಯೆಂದು ಸಾಬೀತಾಗಿತ್ತು, ಅಪರಾಧ ಅವಳ ಓವನ್ನಿನದಾಗಿತ್ತು. ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ, ಅವಳು ಸೆಲ್ವಿನ್ ಕಡೆ ತಿರುಗಿದಳು.

"ಅದಿರ್ಲಿ. ನೂರು ದಿನ ಆದ್ಮೇಲೆ ಫೋನ್ ಯಾಕೆ ಮಾಡ್ಲಿಲ್ಲ?"

ಸೆಲ್ವಿನ್ ಕಾಲಿನ ಹೆಬ್ಬೆರಳು ನೋಡಿಕೊಂಡ. "ನೂರಾಗಿಲ್ಲ. ಅರವತ್ಮೂರೋ ಅರವತ್ನಾಲ್ಕೋ ಅಂತ ಒಂದಿನ ಲೆಕ್ಕ ತಪ್ಪಿಹೋಯ್ತು. ನಿನಗೆ ಸುಳ್ಳು ಲೆಕ್ಕ ಹೇಳೋಕೆ ಮನಸ್ಸಾಗ್ಲಿಲ್ಲ. ಮತ್ತೆ ಒಂದರಿಂದ ಶುರು ಮಾಡ್ದೆ. ಇವತ್ತಿಗೆ ಎಪ್ಪತ್ತೊಂದು. ಇನ್ನು ಇಪ್ಪತ್ತೊಂಬತ್ತು ದಿನಕ್ಕೆ ಫೋನ್ ಮಾಡೋನಿದ್ದೆ."

ಮರ್ಲೀನ್ ಬೆರಳು ಮಡಿಸಿ ಕೂಡಿದಳು. ನೂರ ಮೂವತ್ನಾಲ್ಕು. ಮೂರು ಶಾಲು ಹೆಣೆದದ್ದು ನೆನಪಾಯಿತು. ಎದ್ದುಹೋಗಿ ಓವನ್ನಿನಿಂದ ಗಂಬೂಟುಗಳನ್ನು ತೆಗೆದು, ಜೇಡವನ್ನು ಕಿಟಕಿಯಿಂದಾಚೆ ಬಿಟ್ಟು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಐಲ್ಸಾ, ನಿನ್ನ ಫ್ರೀಜರಿಂದ ಎರಡು ಡಬ್ಬಿ ತಂದ್ಕೊಡು," ಎಂದಳು. "ಸೀಯೋದಂತೆ! ತೋರಿಸ್ತೀನಿ."

ಆ ಸಂಜೆಯ ಕ್ರಂಬಲ್ಲಿನಷ್ಟು ಕಾವಲಿನಲ್ಲಿ ಬೆಂದ ಪದಾರ್ಥ ಹುಯಾವೈ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಮರ್ಲೀನ್ ಓವನ್ನಿನ ಗಾಜಿನ ಮುಂದೆ ಸ್ಟೂಲು ಹಾಕಿಕೊಂಡು ರೆಪ್ಪೆ ಮಿಟುಕಿಸದೆ ಕೂತಿದ್ದಳು. ಹೊರಬಂದದ್ದು ಹೊನ್ನಿನ ಬಣ್ಣ, ತಳದಲ್ಲಿ ಒಂದು ಕಪ್ಪು ಚುಕ್ಕೆಯಿಲ್ಲ. ಎಲ್ಲರೂ ಕೆನೆ ಹಾಕಿಕೊಂಡು ತಿಂದರು.

"ಚೆನ್ನಾಗಿದೆ," ಎಂದಳು ಐಲ್ಸಾ.

"ಬಹಳ ಚೆನ್ನಾಗಿದೆ," ಎಂದ ಗ್ರಾಂಟ್. ಇಬ್ಬರೂ ಸಾವಿನ ಮನೆಯಲ್ಲಿ ಮಾತಾಡಿದಂತೆ ಮೆಲ್ಲಗೆ ಹೇಳಿದರು. ಎರಡನೆಯ ಸಲ ಯಾರೂ ಬಡಿಸಿಕೊಳ್ಳಲಿಲ್ಲ. ಗ್ಲೆನಿಸ್ ಬರ್ಟಿಯನ್ನು ನೋಡಬೇಕೆಂದು ಎದ್ದಳು, ಉಳಿದಿಬ್ಬರೂ ಅವಳ ಹಿಂದೆ ಹೋದರು. ಗ್ರಾಂಟ್ ತನ್ನ ನಮೂನೆಯನ್ನು ಮೇಜಿನ ಮೇಲೆ ಮರೆತುಹೋದ.

ಸೆಲ್ವಿನ್ ಚಮಚ ಹಿಡಿದು ಕಿಟಕಿಯಾಚೆ ನೋಡುತ್ತಿದ್ದ. ಸಮುದ್ರ ಈಗ ಕೆಳಗೆ, ಆಕಾಶ ಮೇಲೆ, ಎಲ್ಲ ಇರಬೇಕಾದ ಕಡೆಯೇ ಇದ್ದವು.

"ನಿಜ ಹೇಳು, ಹೇಗಿದೆ?" ಎಂದು ಮರ್ಲೀನ್ ಕೇಳಿದಳು.

"ಚೆನ್ನಾಗಿದೆ."

"ನಿಜ ಹೇಳು ಅಂದೆ."

ಅವನು ಇನ್ನೊಂದು ಚಮಚ ಬಾಯಿಗಿಟ್ಟುಕೊಂಡ. "ಮೂರು ಹನಿ ಕಮ್ಮಿ," ಎಂದ.

ಮರ್ಲೀನ್ ಅವನನ್ನು ನೋಡಿದಳು. ಪಾತ್ರೆಯನ್ನೆತ್ತಿ ಮತ್ತೆ ಓವನ್ನಿನೊಳಗಿಟ್ಟು, ಉರಿ ಜೋರು ಮಾಡಿ, ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಒಂದು," ಎಂದಳು. ಒಂದು ನಿಮಿಷ ಕಳೆದ ಮೇಲೆ, "ಎರಡು."

ಸಣ್ಣಗೆ ಸೀದ ವಾಸನೆ ಎದ್ದು ಅಡುಗೆಮನೆಯನ್ನು ತುಂಬತೊಡಗಿತು. ಸೆಲ್ವಿನ್ ಕಣ್ಣು ಮುಚ್ಚಿಕೊಂಡ.

"ಮೂರು," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.